ಗ್ರಹವಿಲ್ಲದ ಕಲ್ಲು

ಅವ್ವನ ಹದಿನೆಂಟು ವರ್ಷದ ರಾಹು ದೆಸೆ 2017ರಲ್ಲಿ ಮುಗಿಯುತ್ತ ಬಂದಿತ್ತು. ಇನ್ನು ಮೂರೇ ತಿಂಗಳು ಬಾಕಿ ಇರುವಾಗ ಧಾರವಾಡದಿಂದ ಕಡಲಾಚೆಯ ಸ್ಕಾರ್‌ಬರೋದ ನಮ್ಮ ಮನೆಗೆ ಬಂದವಳು, ಬಂದ ವಾರವೇ ಬೆರಳಿನ ಉಂಗುರವನ್ನು ಬೇಸ್‌ಮೆಂಟಿನ ವಾಷಿಂಗ್ ಮಷೀನಿಗೆ ಬಡಿದುಕೊಂಡಳು. ಕಲ್ಲು ಸಡಿಲಾಯಿತು. ಅದು ರಾಹುವಿನ ಕಾಟ ತಪ್ಪಲೆಂದು ಅಪ್ಪ ಮಾಡಿಸಿಕೊಟ್ಟಿದ್ದ ಗೋಮೇದ.

ಮನೆ ಹತ್ತಿರದ ಪ್ಲಾಜಾದಲ್ಲಿ ಶ್ರೀಲಂಕಾದ ತಮಿಳರೊಬ್ಬರ ಚಿನ್ನದಂಗಡಿ ಇತ್ತು. ವಯಸ್ಸಾದ ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ, "ಅಮ್ಮಾ, ಇದು ಗೋಮೇದ ಅಲ್ಲ. ಸಿಂಹಳೈಟ್. ನಮ್ಮ ದ್ವೀಪದ ಕಲ್ಲು. ಬಹಳ ಅಪರೂಪ," ಅಂದರು. ಅವ್ವನಿಗೂ ಭೂತಗನ್ನಡಿ ಕೊಟ್ಟರು.

"ಕಲ್ಲಿನ ಹಿಂದಿನ ಅಂಚು ಎಲ್ಲಾ ಎರಡೆರಡು ಕಾಣಾಕತ್ಯಾವ. ಕಣ್ಣಿಗೆ ಪೊರಿ ಬಂದೈತೇನವ್ವಾ?" ಅಂದಳು ಅವ್ವ ನನ್ನ ಕಡೆ ತಿರುಗಿ, ಗಾಬರಿಯಿಂದ.

ಪೊರೆಯಲ್ಲ, ಕಲ್ಲಿನ ಗುಣವೇ ಅದು ಎಂದು ಅಂಗಡಿಯವರು ವಿವರಿಸಿದರು. ಒಳಹೊಕ್ಕ ಬೆಳಕನ್ನು ಇದು ಎರಡಾಗಿ ಸೀಳುತ್ತದಂತೆ, ಗೋಮೇದ ಹಾಗೆ ಮಾಡುವುದಿಲ್ಲ.

ಮನೆಗೆ ಬಂದ ಮೇಲೆ ನನ್ನ ಮಗಳು ಫೋನಿನಲ್ಲಿ ಹುಡುಕಿ, "ಅಜ್ಜಿ, ಇಟ್ಸ್ ಎ ಬೋರೇಟ್! ಮೆಗ್ನೀಸಿಯಂ, ಅಲ್ಯೂಮಿನಿಯಂ, ಬೋರಾನ್," ಎಂದು ಕುಣಿದಳು. ಸುಣ್ಣಕಲ್ಲಿಗೆ ನೆಲದಾಳದ ಬಿಸಿ ತಗಲಿದಲ್ಲಿ ಹುಟ್ಟುತ್ತದಂತೆ, ಹೊಳೆಯ ಗರಸಿನಲ್ಲಿ ಸಿಗುತ್ತದಂತೆ. 1952ರವರೆಗೆ ಲೋಕವೆಲ್ಲ ಇದನ್ನು ಪೆರಿಡಾಟ್ ಎಂಬ ಬೇರೆಯೇ ಹರಳು ಎಂದುಕೊಂಡಿತ್ತಂತೆ. ನಾನು ಕನ್ನಡ ಮಾಡಿ ಹೇಳಿದೆ: ಮೆಗ್ನೀಸಿಯಂ ಅಂದರೆ ಹೊಟ್ಟೆ ಕಟ್ಟಿದಾಗ ನೀನು ಕುಡಿಯುವ ಬಿಳಿ ಔಷಧಿಯಲ್ಲಿರುವುದು, ಅಲ್ಯೂಮಿನಿಯಂ ಅಂದರೆ ಅಡುಗೆಮನೆಯ ಪಾತೇಲಿಯದು, ಬೋರಾನ್ ಅಂದರೆ ಅಕ್ಕಸಾಲಿಗ ಬೆಸುಗೆಗೆ ಹಾಕುವ ಬಿಳಿಗಾರದ್ದು.

"ಹದಿನೆಂಟು ವರ್ಷ ರಾಹುಗ ಪಾತೇಲಿ, ಬಿಳಿಗಾರ ತೋರಿಸಿಕೋತ ಕುಂತಿದ್ದೆ ಅನ್ನು!" ಅವ್ವ ಹಣೆ ಚಚ್ಚಿಕೊಂಡಳು. ನಾನೂ ಮಗಳೂ ಬಿದ್ದುಬಿದ್ದು ನಕ್ಕೆವು.

ಮನೆತನದ ಜ್ಯೋತಿಷಿ ಆಚಾರ್ಯರಿಗೆ ವಿಡಿಯೋ ಕಾಲ್ ಹೋಯಿತು. ನವರತ್ನದಲ್ಲಿ ಇಲ್ಲದ ಕಲ್ಲಿಗೆ ಯಾವ ಗ್ರಹ? ಆಚಾರ್ಯರು ಸೋಲುವ ಆಸಾಮಿಯಲ್ಲ. "ಅದು ಪತ್ತೆ ಆದ ತಿಥಿ, ಗಳಿಗಿ ಕೊಡ್ರಿ. ಕಲ್ಲಿಂದಽ ಒಂದು ಕುಂಡಲಿ ಹಾಕೂಣು," ಅಂದರು. ಇಸವಿ ಮಾತ್ರ ಗೊತ್ತು ಅಂದೆ. ಮುಂಜಾನೆಯೋ ಸಂಜೆಯೋ ಅಷ್ಟಾದರೂ ಹೇಳಿ ಎಂದು ಚೌಕಾಸಿ ಮಾಡಿದರು. ಕೊನೆಗೆ ತೀರ್ಪು ಬಂತು: ಗ್ರಹವಿಲ್ಲದ ಕಲ್ಲಿಗೆ ಫಲವೂ ಇಲ್ಲ. ಉಳಿದ ಮೂರು ತಿಂಗಳಿಗಾದರೂ ಖರೇ ಗೋಮೇದ ಧರಿಸತಕ್ಕದ್ದು.

ಫೋನ್ ಇಟ್ಟ ಮೇಲೆ ಅವ್ವ ನಗಲಿಲ್ಲ. ಅಪ್ಪ ತೀರಿಕೊಂಡದ್ದು ಇದೇ ದೆಸೆಯ ನಡುವೆ.

"ಖರೇ ಗೋಮೇದ ಇದ್ದಿದ್ರ ಅವರು ಉಳೀತಿದ್ರೇನ?"

ರಾಹು, ಕೇತು ಎಂದರೆ ಉರಿದುಬೀಳುವವಳು ನಾನು. ಆದರೂ ಆಗ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಉಂಗುರವನ್ನು ರಿಪೇರಿಗೆಂದು ಅಂಗಡಿಯಲ್ಲೇ ಬಿಟ್ಟುಬಂದಿದ್ದ ಆ ವಾರವೆಲ್ಲ ಅವ್ವ ಹೊಸ್ತಿಲು ದಾಟಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ.

ಶನಿವಾರ ಬಲವಂತ ಮಾಡಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಹೊಸ ಗೋಮೇದಗಳ ತಟ್ಟೆಯನ್ನೇ ತಂದಿಟ್ಟರು. ಅವ್ವ ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ ತನ್ನ ಹಳೆಯ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ಹೇಳಿದಳು: "ಆವಾಗ ಆಚಾರ್ಯರು ಗೋಮೇದ ತೊಗೊಳ್ರಿ ಅಂದ್ರು. ನಿಮ್ಮಪ್ಪಾರು ಅಂಗಡ್ಯಾಗ ಒಂದ್ ತಾಸು ಕುಂತು ಇದನ್ನ ಆರಿಸಿದ್ರು. ಉಳದವೆಲ್ಲಾ ಕರ್ರಗದಾವ, ಇದು ಬೆಲ್ಲದ ಪಾಕದಂಗ ಐತಿ, ನಿನ್ನ ಕೈಗೆ ಒಪ್ಪತೈತಿ ಅಂದ್ರು. ರಾಹುನ ಹೆಸರಽ ಎತ್ತಲಿಲ್ಲ ಆ ಮನಷ್ಯಾ."

ಅಂಗಡಿಯವರು ಅದನ್ನೇ ಮತ್ತೆ ಕೂರಿಸಲು ಒಪ್ಪಿ, ಒಂದು ಪ್ರಶ್ನೆ ಕೇಳಿದರು. ಗ್ರಹದ ಕಲ್ಲು ಮೈಗೆ ತಾಗಬೇಕು, ಅದಕ್ಕೇ ಉಂಗುರದ ತಳ ತೆರೆದಿರುತ್ತದೆ. ಇದು ಗ್ರಹದ ಕಲ್ಲಲ್ಲ, ತಳ ಮುಚ್ಚಿಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ. ಮುಚ್ಚಲೇ?

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅವ್ವ ಕಲ್ಲನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು.

"ಮುಚ್ಚಬ್ಯಾಡ ಅನ್ನು. ರಾಹು ಹಾಳಾಗಿ ಹೋಗಲಿ. ಅವರು ಕೊಟ್ಟಿದ್ದು, ಮೈಗೆ ಹತ್ತಲಿ."