ಒಲೆಯ ಹೊಗೆಯಲ್ಲಿ ಪಾದರಸ

ಅದು 1999ನೇ ಇಸವಿ. ನಾನು ಹರಪನಹಳ್ಳಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದು ಹತ್ತು ವರ್ಷದ ಮೇಲಾಗಿತ್ತು. ನಮ್ಮ ಮನೆಯವರದು ಪತ್ತಾರ ಕೆಲಸ, ಅಂದರೆ ಅಕ್ಕಸಾಲಿಗರು. ಓಲೆ, ಬೆಂಡೋಲೆ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ದೇವರ ಮುಖಕ್ಕೆ ಬಂಗಾರ ಹಿಡಿಸುವವರು ಅಂದರೆ ನಮ್ಮ ಯಜಮಾನರೇ. ಕೂಡ್ಲಿಗಿ, ಹಡಗಲಿ ಕಡೆಯ ಹಳ್ಳಿಗಳವರು ತಮ್ಮೂರ ಅಮ್ಮನ ತಾಮ್ರದ ಮುಖವನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು.

ಕೆಲಸ ಹೀಗೆ. ಬಂಗಾರದ ಚೂರನ್ನು ಪಾದರಸದಲ್ಲಿ ಅರೆದರೆ ಬೆಣ್ಣೆಯ ಹಾಗೆ ಆಗುತ್ತದೆ. ಅದನ್ನು ತಾಮ್ರಕ್ಕೆ ಸವರಿ ಕಲ್ಲಿದ್ದಲಿನ ಒಲೆಯ ಮೇಲೆ ಕಾಯಿಸಬೇಕು. ಪಾದರಸ ಹೊಗೆಯ ಜೊತೆ ಹಾರಿಹೋಗುತ್ತದೆ, ಬಂಗಾರ ಅಂಟಿಕೊಂಡು ಉಳಿಯುತ್ತದೆ. ಹಾರಿದ್ದು ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಸಾಲದ್ದಕ್ಕೆ ಒಂದು ಪದ್ಧತಿ ಬೇರೆ. ಬಂಗಾರ ಹಿಡಿಸಿ, ಕಣ್ಣಿನ ಗೆರೆ ಕೊರೆದು ಕಣ್ಣು ಬಿಡಿಸುವ ತನಕ ಅಮ್ಮನ ಮುಖವನ್ನು ಬೇರೆ ಯಾರೂ ನೋಡಬಾರದು, ದೃಷ್ಟಿಯಾಗುತ್ತದೆ. ಹಾಗಾಗಿ ಇವರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ಕಿಟಕಿಗೆ ಗೋಣಿತಟ್ಟು, ಬಾಗಿಲ ಸಂದಿಗೆ ಬಟ್ಟೆ. ಹೊರಗೆ ನಮ್ಮತ್ತೆಯ ಕಾವಲು. ಒಂದು ನೊಣ ಒಳಗೆ ಹೋಗಬೇಕಾದರೂ ಅವರನ್ನು ಕೇಳಿಯೇ ಹೋಗಬೇಕು!

ಆ ವರ್ಷ ಇವರ ಕೈ ನಡುಗಲು ಶುರುವಾಯಿತು. ಮೊದಮೊದಲು ಗುಂಡಿ ಹಾಕಿಕೊಳ್ಳುವಾಗ ಮಾತ್ರ, ಆಮೇಲೆ ತುತ್ತು ಎತ್ತುವಾಗಲೂ. ಒಸಡಿನಲ್ಲಿ ರಕ್ತ. ಎಲ್ಲರ ಜೊತೆ ನಗುನಗುತ್ತ ಇರುತ್ತಿದ್ದ ಮನುಷ್ಯ, ಯಾರಾದರೂ ಮನೆಗೆ ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆಯನ್ನೇ ಎಸೆದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ನಾನೇನು ಸುಮ್ಮನಿರುವ ಪೈಕಿಯಲ್ಲ, ನಾಲ್ಕು ಮಾತು ಅಂದೆ. ಅತ್ತೆ ನನ್ನ ಬಾಯಿ ಮುಚ್ಚಿಸಿದರು.

"ಬೈಬ್ಯಾಡವ್ವಾ, ಅವನ ಮೈಮ್ಯಾಲೆ ಅಮ್ಮ ಅದಾಳ. ನಿಮ್ಮ ಮಾವಗೂ ಹಿಂಗ ನಡಗತಿತ್ತು. ಊರ ಮಂದಿಯೆಲ್ಲಾ ಕಾಲಿಗೆ ಬೀಳತಿದ್ರು" ಅಂದರು.

ಮಾವನವರನ್ನು ನಾನು ನೋಡಿಲ್ಲ. ಐವತ್ತು ತುಂಬುವ ಮುಂಚೆಯೇ, ಹಲ್ಲೆಲ್ಲ ಉದುರಿ, ಹೆಂಡತಿಯ ಹೆಸರೂ ಮರೆತು ತೀರಿಹೋದರಂತೆ. ಇವರಿಗೆ ಆಗ ನಲವತ್ತರ ಹತ್ತಿರ. ಅತ್ತೆ ಮಗನಿಗೆ ಆರತಿ ಎತ್ತುತ್ತಿದ್ದರು, ನಾನು ಒಳಗೊಳಗೇ ಲೆಕ್ಕ ಹಾಕಿ ಬೆವರುತ್ತಿದ್ದೆ. ಡಾಕ್ಟರಿಗೆ ತೋರಿಸಿದರೆ ನಿಶ್ಶಕ್ತಿ ಅಂತ ಟಾನಿಕ್ ಬರೆದುಕೊಟ್ಟರು. ಇವರು ನನ್ನ ಕಣ್ಣೆದುರೇ ಕರಗಿಹೋಗುತ್ತಾರೆ ಅನ್ನುವ ಭಯ ನನ್ನನ್ನು ತಿನ್ನುತ್ತಿತ್ತು.

ಆಗ ಹಗರಿಬೊಮ್ಮನಹಳ್ಳಿಯಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಾ ಕುಡಿಯಲು ಕುಳಿತೆವು. ಇವರ ಕೈ ನಡುಗಿ, ಚಾ ಪೂರ್ತಿ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರ ಬಿಳಿ ಪಂಚೆಯ ಮೇಲೆ ಚೆಲ್ಲಿಬಿಟ್ಟಿತು. ನಾನು ನಾಚಿಕೆಯಿಂದ ಸತ್ತೇಹೋದೆ. ಸೆರಗಿನಿಂದ ಒರೆಸಲು ಹೋದೆ. ಆ ಹಿರಿಯರು ಪಂಚೆಯ ಕಡೆ ನೋಡಲೇ ಇಲ್ಲ. ಇವರ ಕೈಯನ್ನೇ ನೋಡುತ್ತಿದ್ದರು. ಆಮೇಲೆ, "ಸ್ವಲ್ಪ ಬಾಯಿ ತೆಗೀರಿ, ಒಸಡು ನೋಡ್ತೀನಿ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು, ರೇಗಿತು. "ಏನ್ರೀ, ಎಮ್ಮಿ ವ್ಯಾಪಾರಕ್ಕ ಬಂದೀರೇನ್ರಿ, ಹಲ್ಲು ನೋಡಾಕ?" ಅಂದುಬಿಟ್ಟೆ.

ಅವರು ಜೋರಾಗಿ ನಕ್ಕರು. "ಸಿಟ್ಟಾಗಬ್ಯಾಡವ್ವಾ ತಂಗಿ. ನಿಮ್ಮ ಮನಿಯವರು ಏನು ಕೆಲಸ ಮಾಡ್ತಾರ, ಅದನ್ನರ ಹೇಳು."

"ಬಂಗಾರದ ಕೆಲಸ."

"ಪಾದರಸ ಕಾಸ್ತಾರೇನು?"

ನಾನು ಬೆಚ್ಚಿದೆ. ಹೇಳದೆಯೇ ಈ ಹಿರಿಯರಿಗೆ ಹೇಗೆ ಗೊತ್ತಾಯಿತು? ಅವರು ಹಡಗಲಿ ಹತ್ತಿರದ ಮಾಗಳದವರು, ಹೆಸರು ಶಾಂತಪ್ಪ. ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು.

"ಕಾದ ಪಾದರಸ ಗಾಳ್ಯಾಗ ಹೋದ್ರ ಕಣ್ಣಿಗೆ ಕಾಣಂಗಿಲ್ಲ, ವಾಸನಿ ಬರಂಗಿಲ್ಲ. ಉಸಿರಿನ ಕೂಡ ಒಳಗ ಹೋಗಿ ನರ ಹಿಡೀತೈತಿ. ಈ ನಡುಕ, ರಕ್ತ, ಸಿಟ್ಟು ಎಲ್ಲಾ ಅದರದ" ಅಂದರು.

ಸಿಟ್ಟು ಅಂದ ಕೂಡಲೇ ನಾನು ಇವರ ಮುಖ ನೋಡಿದೆ. ಇವರು ತಲೆ ತಗ್ಗಿಸಿ, "ಇದು ಅಮ್ಮನ ಆಟ್ರಿ. ನಮ್ಮಪ್ಪಗೂ ಬರತಿದ್ಲು" ಅಂದರು.

ಶಾಂತಪ್ಪನವರು ನಗಲಿಲ್ಲ. "ಅಮ್ಮ ಬಂದ್ರ ಬಂದು ಹೋಗ್ತಾಳಪ್ಪಾ. ಒಂದು ಕಪ್ಪು ಚಾ ಕುಡಿಯಾಕೂ ಬಿಡದಂಗ ಕುಂದರತಾಳೇನು? ತಾಯಿ ಅಕಿ" ಅಂದರು.

ಅವರ ಮಾತಿನಂತೆ ದಾವಣಗೆರೆಯ ದೊಡ್ಡ ಡಾಕ್ಟರರಿಗೆ ತೋರಿಸಿದೆವು. ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರು ಅದೇ ಮಾತು ಹೇಳಿ, ಒಲೆಯ ಹತ್ತಿರ ಸುಳಿಯಬೇಡಿ ಅಂದರು. ಇವರು ಕೇಳಬೇಕಲ್ಲ! ಹೊಸಹಳ್ಳಿ ಕಡೆಯ ಕುರಿಗಾರರು ತಮ್ಮ ಅಮ್ಮನ ಮುಖ ಒಪ್ಪಿಸಿ ಹೋಗಿದ್ದರು. "ಕೈಗೆ ತಗೊಂಡ ದೇವರನ್ನ ಅರ್ಧಕ್ಕ ಬಿಡಾಕಾಗಂಗಿಲ್ಲ. ಇದೊಂದು ಮುಗಿಸ್ತೀನಿ. ಬೇಕಾದ್ರ ಗ್ವಾಡಿಗೆ ಒಂದು ಚಿಮಣಿ ಇಡಸ್ತೀನಿ" ಅಂತ ಹಟ ಹಿಡಿದರು. ನಾನು ಮಾಗಳಕ್ಕೆ ಹೇಳಿ ಕಳಿಸಿದೆ. ಶಾಂತಪ್ಪನವರು ಬಂದೇಬಿಟ್ಟರು. ನಮಗೂ ಅವರಿಗೂ ಏನು ಸಂಬಂಧ ಹೇಳಿ, ಬರೀ ಒಂದು ಕಪ್ಪು ಚಾ, ಅದೂ ಅವರ ಪಂಚೆಯ ಮೇಲೆ ಚೆಲ್ಲಿದ್ದು.

ಚಿಮಣಿಯ ಮಾತು ಕೇಳಿ ಅವರು ತಲೆಯಾಡಿಸಿದರು. "ಬರೀ ಹೊರಗ ಬಿಟ್ರ ನಿನ್ನ ಮನ್ಯಾಂದು ಓಣಿಗೆ ಹೋತು. ಪಕ್ಕದ ಮನ್ಯಾಗ ತೊಟ್ಲು ಐತಿ, ನೋಡಿಯಿಲ್ಲೋ? ಹೊಗಿ ಹೋಗ್ಲಿ, ಪಾದರಸ ಇಲ್ಲೇ ಸಿಕ್ಕೊಂಡು ಬೀಳಬೇಕು. ಅಂಥಾದ್ದು ಮಾಡೋಣು" ಅಂದರು. ಕಲ್ಲಿದ್ದಲಿನಲ್ಲೂ ಒಂದಿಷ್ಟು ಪಾದರಸ ಇರುತ್ತದಂತೆ. ತಮ್ಮ ಕಾರ್ಖಾನೆಯ ಚಿಮಣಿಯಲ್ಲಿ ಅದನ್ನು ಹಿಡಿಯಬೇಕು ಅಂತ ಅವರು ನೌಕರಿ ಇರುವವರೆಗೂ ಹೇಳಿದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. "ಒಂದು ಚಿಮಣಿಯರ ನಾ ಹೇಳಿದಂಗ ಆಗ್ಲಿ" ಅಂದಾಗ ಅವರ ದನಿ ಸಣ್ಣಗಾಯಿತು.

ಗೋಡೆಗೆ ತೂತು ಹೊಡೆಯುತ್ತಾರೆ ಅಂದ ಕೂಡಲೇ ಅತ್ತೆ ಬಾಗಿಲಿಗೆ ಅಡ್ಡ ಕುಳಿತರು. "ಅಮ್ಮನ ಕ್ವಾಣ್ಯಾಗ ಕಿಂಡಿ ತೆಗೆಯಾಕ ನಾ ಬಿಡಂಗಿಲ್ಲ."

"ಅತ್ತಿ, ಕೊಳವಿ ಕೂಡ್ರಿಸಿ ಸುತ್ತಲೂ ಗಾರಿ ಮೆತ್ತಿಬಿಡ್ತಾರ. ಹೊಗಿಯೊಂದೇ ಹೊರಗ ಹೋಗತೈತಿ. ಹೊಗಿಗೆ ಕಣ್ಣೈತೋ, ಬಾಯೈತೋ? ಅಮ್ಮ ಹೆಂಗ ಕಂಡ್ಲು ಅಂತ ಹೋಗಿ ಯಾರ ಮುಂದ ಹೇಳತೈತ್ರಿ?" ಅಂದೆ. ಅವರಿಗೆ ನಗು ಬಂತು, ತಡೆದುಕೊಂಡರು. ಗೊಣಗುತ್ತಲೇ ಪಕ್ಕಕ್ಕೆ ಸರಿದರು.

ಒಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂತೆ ತಗಡಿನ ಗೂಡು. ಅದರಿಂದ ಇಳಿಜಾರಾಗಿ ಒಂದು ಕೊಳವೆ, ತಂಪಾಗಿರಲಿ ಎಂದು ಅದಕ್ಕೆ ಒದ್ದೆ ಗೋಣಿತಟ್ಟು. ಕೊಳವೆಯ ಬುಡದಲ್ಲಿ ನೀರು ತುಂಬಿದ ಮುಚ್ಚಿದ ಡಬ್ಬಿ. ಅದನ್ನು ದಾಟಿದ ಹೊಗೆ ಇನ್ನೊಂದು ಪೆಟ್ಟಿಗೆಗೆ ಹೋಗಬೇಕು. ಅದರ ತುಂಬ ತೆಂಗಿನ ಚಿಪ್ಪಿನ ಇದ್ದಿಲು, ಅದಕ್ಕೆ ಗಂಧಕ ಹಿಡಿಸಿದ್ದು. ನೀರಿನಲ್ಲಿ ತಪ್ಪಿಸಿಕೊಂಡ ಪಾದರಸವನ್ನು ಗಂಧಕ ಬಿಡುವುದಿಲ್ಲವಂತೆ. ಹೊಗೆ ಎಳೆಯಲು ಒಂದು ಹಳೆಯ ಫ್ಯಾನು. ಇಷ್ಟೆಲ್ಲ ದಾಟಿದ ಮೇಲೆ ಗೋಡೆಯಾಚೆಗೆ ಎತ್ತರದ ಚಿಮಣಿ. ತಗಡಿನ ಕೆಲಸದವನ ಜೊತೆ ತಾವೂ ಕೈ ಕಪ್ಪು ಮಾಡಿಕೊಂಡು ಶಾಂತಪ್ಪನವರೇ ಎಲ್ಲ ಕೂಡಿಸಿದರು.

ಇವರು ಮೂಗು ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಅತ್ತೆ ಹೊಸ್ತಿಲ ಬಳಿ, ನಾನು ಕಂಬದ ಬಳಿ. ಕೆಲಸ ಮುಗಿಸಿ, ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿ ಇವರು ಹೊರಗೆ ಬಂದಾಗ ಸಂಜೆಯಾಗಿತ್ತು. ಎಲ್ಲ ಪೂರ್ತಿ ಆರುವವರೆಗೆ ಕಾದು, ಶಾಂತಪ್ಪನವರು ನೀರಿನ ಡಬ್ಬಿಯನ್ನು ಅಂಗಳಕ್ಕೆ ತಂದು ಒಂದು ಬಿಳಿ ಬೋಗುಣಿಗೆ ನಿಧಾನವಾಗಿ ಬಗ್ಗಿಸಿದರು.

ಕಪ್ಪು ನೀರಿನ ತಳದಲ್ಲಿ ಸಣ್ಣ ಸಣ್ಣ ಹನಿಗಳು ಹೊಳೆಯುತ್ತ ಉರುಳಾಡಿದವು. ಬೋಗುಣಿ ಸ್ವಲ್ಪ ವಾಲಿಸಿದರು. ಹನಿಗಳೆಲ್ಲ ಒಂದನ್ನೊಂದು ಕೂಡಿಕೊಂಡು ದಪ್ಪ ಗುಂಡಾಗಿ ನಿಂತವು. ಅತ್ತೆ ಬಗ್ಗಿ ಬೆರಳು ಚಾಚಿದರು. ಶಾಂತಪ್ಪನವರು ಅವರ ಕೈ ತಡೆದರು.

"ಇದು ಇಷ್ಟು ದಿನ ಎಲ್ಲಿಗೆ ಹೋಗತಿತ್ತಪ್ಪಾ?" ಅಂತ ಅತ್ತೆ ಕೇಳಿದರು.

ಶಾಂತಪ್ಪನವರು ಇವರ ಕಡೆ ನೋಡಿದರು. ಅತ್ತೆಗೆ ಉತ್ತರ ಸಿಕ್ಕಿತ್ತು. ಮಗನ ಮುಖ ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಮಾವನವರ ಫೋಟೋ ನೋಡಿದರು. "ನಾನಽ ಬಾಗಲಾ ಕಾಯ್ಕೊಂತ ಕುಂತಿದ್ನಲ್ಲವ್ವಾ" ಅಂದರು, ಅಷ್ಟೇ. ಎದ್ದು ಕೋಣೆಗೆ ಹೋಗಿ ಕಿಟಕಿಯ ಗೋಣಿತಟ್ಟು ಕಿತ್ತು ಎಸೆದರು, ಬಾಗಿಲ ಎರಡೂ ಕದ ಗೋಡೆಗೆ ಬಡಿಯುವಂತೆ ತೆರೆದರು. "ಯಾರರ ನೋಡ್ಲಿ! ಅಮ್ಮಗ ದೃಷ್ಟಿಯಾದ್ರ ನಾ ತೆಗೀತೀನಿ" ಅಂತ ಕೂಗಿದರು. ಕೂಗುತ್ತಲೇ ಅಳುತ್ತಿದ್ದರು.

ಆ ಪಾದರಸವನ್ನು ಶಾಂತಪ್ಪನವರು ದಪ್ಪ ಗಾಜಿನ ಸೀಸೆಯಲ್ಲಿ ನೀರು ಹಾಕಿ ಬಿರಡೆ ಬಿಗಿದು ಎತ್ತಿಟ್ಟರು. ಇವರು ಒಲೆ ಆರಿಸಿ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತರು. ಅಮ್ಮನ ಕಣ್ಣು ಬಿಡಿಸುವುದು ಬಾಕಿಯಿತ್ತು. ಹೊಸಹಳ್ಳಿ ಕಡೆಯ ಹಿರಿಯರಿಗೆ ನಾನೇ ಹೆದರುತ್ತ ವಿಷಯ ಹೇಳಿದೆ. "ನಿಮ್ಮ ಮನಿಯವರು ಉಷಾರಾಗ್ಲಿ ಬಿಡವ್ವಾ. ಅಮ್ಮಗ ಅವಸರ ಇಲ್ಲ" ಅಂದುಬಿಟ್ಟರು ಆ ಪುಣ್ಯಾತ್ಮರು. ನಡುಕ ನಿಧಾನವಾಗಿ ಕಡಿಮೆಯಾಯಿತು. ಕೊನೆಗೊಂದು ಬೆಳಿಗ್ಗೆ, ಎಲ್ಲ ಬಾಗಿಲು ತೆರೆದಿಟ್ಟುಕೊಂಡು, ನಾವೆಲ್ಲ ನೋಡುತ್ತಿರುವಾಗಲೇ ಇವರು ಅಮ್ಮನ ಕಣ್ಣು ಬಿಡಿಸಿದರು. ಗೆರೆ ಎಲ್ಲೂ ಅದುರಲಿಲ್ಲ.

ಶಾಂತಪ್ಪನವರು ಈಗಿಲ್ಲ. ಅವರನ್ನು ನೆನೆಯದೆ ನಮ್ಮ ಮನೆಯಲ್ಲಿ ಹಬ್ಬದ ಎಲೆ ಹಾಕುವುದಿಲ್ಲ. ಆದರೆ ನನ್ನನ್ನು ಇವತ್ತಿಗೂ ಕಾಡುವುದು ನಮ್ಮತ್ತೆ. ಅದಾದ ಮೇಲೂ ಊರವರು ಅತ್ತೆಯ ಹತ್ತಿರ ಬಂದು, ನಿಮ್ಮ ಯಜಮಾನರು ಅಮ್ಮನ ವರ ಪಡೆದವರು ಅಂತ ಕೈಮುಗಿಯುತ್ತಿದ್ದರು. ಮೊದಲಾದರೆ ಹಿಗ್ಗುತ್ತಿದ್ದ ಅತ್ತೆ, ಆಮೇಲೆ ಎದ್ದು ಒಳಗೆ ಹೋಗುತ್ತಿದ್ದರು. ನನಗೆ ನನ್ನ ಗಂಡ ಉಳಿದರು. ಅತ್ತೆ ಮಾತ್ರ ತಮ್ಮ ಗಂಡನನ್ನು ಆ ಅಂಗಳದಲ್ಲಿ ಇನ್ನೊಂದು ಸಲ ಕಳೆದುಕೊಂಡರು.