ಕೆಂಪು ವಸ್ತ್ರದಲ್ಲಿದ್ದ ನಳಿಗೆ

ನನ್ನ ಸೊಂಟಕ್ಕೆ ಪಿಸ್ತೂಲು ಬಂದ ಮೇಲೆ ಹುಮನಾಬಾದಿನ ಮದುವೆಗಳಲ್ಲಿ ನನಗೆ ಮುಂದಿನ ಸಾಲಿನಲ್ಲೇ ಕುರ್ಚಿ ಸಿಗತೊಡಗಿತು. ನಮ್ಮದು ರೈತರ ತೊಗರಿ, ಸೋಯಾ ಮಾರಿಸಿಕೊಡುವ ಅಡತ್ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅವರ ಲೈಸೆನ್ಸು ನನ್ನ ಹೆಸರಿಗೆ ಆಯಿತು, ಅದರ ಹಿಂದೆ ಅವರ ಬತ್ತೀಸ್ ಬೋರಿನ, ಅಂದರೆ ಮೂವತ್ತೆರಡು ಬೋರಿನ, ಪಿಸ್ತೂಲೂ ಬಂತು. ಅಂಗಿಯ ಅಂಚು ಅದರ ಮೇಲೆ ಸರಿಯಾಗಿ ಕೂತಿದೆಯೇ ಎಂದು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೂತಿರಬೇಕು, ಆದರೆ ಕಾಣದಷ್ಟು ಕೂತಿರಬಾರದು. ಅಂಥ ಮನುಷ್ಯ ನಾನು.

ನನಗೆ ಅದನ್ನು ಹಾರಿಸಲು ಬರುತ್ತಿರಲಿಲ್ಲ ಎಂಬುದು ಊರಿಗೆ ಗೊತ್ತಿರಲಿಲ್ಲ. ಬರುತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ಹೆದರುತ್ತಿದ್ದೆ. ಪಿಸ್ತೂಲಿನ ಕುದುರೆ ಒತ್ತುವ ಮೊದಲೇ ನನ್ನ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಕೈ ತಾನಾಗಿ ಕೆಳಗೆ ಬೀಳುತ್ತಿತ್ತು. ಇದು ಗೊತ್ತಿದ್ದದ್ದು ಮನೆಯಾಕೆಯನ್ನು ಬಿಟ್ಟರೆ ಒಬ್ಬರಿಗೇ.

ಅವರು ಬಸವಕಲ್ಯಾಣದಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಚಾಚಾ. ಅಪ್ಪನ ಗೆಳೆಯರು. ಕೋಟೆಯ ಕಡೆ ಹೋಗುವ ಹಾದಿಯಲ್ಲಿ ಸಣ್ಣ ಅಂಗಡಿ, ಒಳಗೆ ಒಂದು ದೊಡ್ಡ ತಿಜೋರಿ, ಎಣ್ಣೆಯ ವಾಸನೆ. ಸುತ್ತಲಿನ ತಾಲೂಕುಗಳ ಲೈಸೆನ್ಸಿನ ಬಂದೂಕುಗಳೆಲ್ಲ ಒಂದಲ್ಲ ಒಂದು ಸಲ ಅವರ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿದವೇ. ಅಪ್ಪ ತೀರಿಕೊಂಡ ವರ್ಷ ಅವರೇ ನನ್ನನ್ನು ಹೈದರಾಬಾದಿನ ಹಾದಿಯಲ್ಲಿದ್ದ ಒಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದರು. ಐದು ಗುಂಡು ಹಾರಿಸಿದೆ. ಗುರಿಯ ಕಾಗದ ಹೊಸದಾಗಿಯೇ ಉಳಿಯಿತು. ಪಕ್ಕದಲ್ಲಿದ್ದವರು ನೋಡುವ ಮೊದಲೇ ಚಾಚಾ ಹೋಗಿ ಅದನ್ನು ಕಿತ್ತು, ನಾಲ್ಕು ಮಡಿಕೆ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

ವಾಪಸ್ಸು ಬರುವಾಗ ಮನ್ನಾಏಖೇಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಬಸ್ಸಿಗೆ ಕಾಯುತ್ತಿದ್ದ ಜನರಿಂದ ಸ್ವಲ್ಪ ದೂರ ಹೋಗಿ, ಅವರು ಮೆಲ್ಲಗೆ ಹೇಳಿದರು.

"ಸದ್ದಿಗೆ ಅಂಜಾಕತ್ತೀ ನೀ. ಅದರಾಗ ನಾಚಿಕಿ ಏನದ, ಬೇಟಾ? ಸಣ್ಣ ಗುಂಡಿನ ಕಾರ್ತೂಸು ಹಾಕೋ ಕಿಟ್ ಬರ್ತದ. ಹಿಡಿಕಿ ನಿಂದೇ, ಮ್ಯಾಲಿಂದಷ್ಟ ಬದಲಿ. ಅದರಿಂದ ಕಣ್ಣಿಗೆ ರೂಢಿ ಆಗ್ತದ."

"ಯಾರಿಗೂ ಹೇಳಬ್ಯಾಡ್ರಿ, ಚಾಚಾ."

"ನಾ ಯಾಕ ಹೇಳಲಿ? ಇದು ನಿನ್ನ ನನ್ನ ನಡುವಿನ ಮಾತು."

ಆ ಕಿಟ್ಟನ್ನು ತರಿಸಲು, ಲೈಸೆನ್ಸ್ ಪುಸ್ತಕದಲ್ಲಿ ಬರೆಸಲು ತಿಂಗಳುಗಟ್ಟಲೆ ಹಿಡಿಯಿತು. ಎಲ್ಲ ಕಚೇರಿಗೂ ಚಾಚಾ ಅವರೇ ನನ್ನ ಜೊತೆ ಅಲೆದರು. ಬಂದದ್ದು ಒಂದು ಕಪ್ಪು ಡಬ್ಬಿ. ಅದರೊಳಗೆ ಪಿಸ್ತೂಲಿನ ಮೇಲ್ಭಾಗ, ಕಿರಿದಾದ ಬಾಯಿಯ ನಳಿಗೆ, ಕಡಲೆಗಿಂತ ತೆಳ್ಳನೆಯ ಕಾರ್ತೂಸು ಹಿಡಿಯುವ ಮ್ಯಾಗಜಿನ್. ಅಸಲಿ ಮೇಲ್ಭಾಗ ತೆಗೆದು ಇದನ್ನು ಕೂರಿಸಿದರೆ ಹಿಡಿತ ಅದೇ, ಭಾರವೂ ಸುಮಾರು ಅದೇ, ಸದ್ದು ಮಾತ್ರ ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ. ಮೊದಲ ದಿನ ನನ್ನ ಕಣ್ಣು ತೆರೆದೇ ಇದ್ದವು. ಮೂರನೆಯ ಸಲ ಹೋದಾಗ ಹತ್ತರಲ್ಲಿ ಆರು ಗುಂಡು ಕಾಗದಕ್ಕೆ ತಾಗಿದವು. ಆ ಕಾಗದವನ್ನು ಚಾಚಾ ಮಡಚಲಿಲ್ಲ. ಹುಮನಾಬಾದ್ ಬರುವ ತನಕ ಕಾರಿನ ಗಾಜಿಗೆ ಆನಿಸಿ ಇಟ್ಟುಕೊಂಡು ಬಂದರು. ಅಪ್ಪ ಇದ್ದಿದ್ದರೆ ಅಷ್ಟೇ ಖುಷಿಪಡುತ್ತಿದ್ದರೋ ಏನೋ.

ನಾನು ಮಾತ್ರ ಊರು ಹತ್ತಿರ ಬಂದಂತೆ ಕಾರು ಪಕ್ಕಕ್ಕೆ ನಿಲ್ಲಿಸಿ, ಸಣ್ಣ ನಳಿಗೆ ತೆಗೆದು ದೊಡ್ಡದನ್ನು ಹಾಕಿಕೊಳ್ಳುತ್ತಿದ್ದೆ. ಅಂಗಿಯೊಳಗೆ ಯಾರು ಇಣುಕಿ ನೋಡುತ್ತಾರೆ ಹೇಳಿ. ಆದರೂ ಬದಲಿಸುತ್ತಿದ್ದೆ.

ಆ ವರ್ಷ ದಸರೆಗೆ ನಮ್ಮ ಮನೆಯಲ್ಲಿ ಘಟ ಕೂತಿತು. ದೇವರ ಜಗುಲಿಯ ಮೇಲೆ ಮಣ್ಣಿನಲ್ಲಿ ಧಾನ್ಯ ಬಿತ್ತಿ, ನಡುವೆ ಘಟ ಇಟ್ಟು, ಒಂಬತ್ತು ದಿನ ದೀಪ ಆರದಂತೆ ನೋಡಿಕೊಳ್ಳುವುದು. ಮನೆಯ ಆಯುಧ, ತಕ್ಕಡಿ, ಎಲ್ಲವೂ ಮೊದಲ ದಿನವೇ ಜಗುಲಿಗೆ ಹೋಗಬೇಕು, ಘಟ ಏಳುವ ತನಕ ಅವನ್ನು ಕದಲಿಸುವ ಹಾಗಿಲ್ಲ. ನಾನು ಸಣ್ಣ ಕಿಟ್ ಹಾಕಿದ ಪಿಸ್ತೂಲನ್ನು ತಂದೆ. ನನ್ನ ಮನೆಯಾಕೆ ಅದನ್ನು ನೋಡಿ ನಕ್ಕಳು.

"ದೇವರ ಮುಂದ ಆಟಿಗಿ ಸಾಮಾನು ಇಡ್ತೀರೇನು? ಮಾವನವರದು ಇಡ್ರಿ."

ಸರಿ ಎಂದು ಅಪ್ಪನ ಕಾಲದ ನಳಿಗೆಯನ್ನು ಮೇಲ್ಭಾಗದ ಸಮೇತ ಕೆಂಪು ವಸ್ತ್ರದಲ್ಲಿ ಸುತ್ತಿ, ಅರಿಸಿನ ಕುಂಕುಮ ಹಚ್ಚಿ ಜಗುಲಿಗೆ ಇಟ್ಟೆ. ಸಣ್ಣ ನಳಿಗೆ ಕೂತ ಹಿಡಿಕೆ ಪೆಟ್ಟಿಗೆಯಲ್ಲೇ ಉಳಿಯಿತು.

ಮೂರನೆಯ ದಿನ ಚುನಾವಣೆಯ ನೋಟಿಸು ಬಂತು. ಲೈಸೆನ್ಸಿನ ಆಯುಧಗಳನ್ನೆಲ್ಲ ಠಾಣೆಯಲ್ಲಾಗಲಿ ಲೈಸೆನ್ಸ್ ಇದ್ದ ಅಂಗಡಿಯಲ್ಲಾಗಲಿ ಜಮಾ ಮಾಡಬೇಕು. ಘಟ ಕೂತಾಗ ಜಗುಲಿಯಿಂದ ನಳಿಗೆ ಎತ್ತುವುದು ಹೇಗೆ? ದಶಮಿಯ ದಿನ ಅದನ್ನು ಬೇರೆಯಾಗಿ ಕೊಟ್ಟರಾಯಿತು ಎಂದುಕೊಂಡು, ಪೆಟ್ಟಿಗೆ ಹಿಡಿದು ಬಸವಕಲ್ಯಾಣಕ್ಕೆ ಹೋದೆ. ಚಾಚಾ ಅವರಿಗೆ ಇಷ್ಟನ್ನೇ ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯಲ್ಲಿ ಏಳೆಂಟು ಮಂದಿ ಸಾಲಾಗಿ ನಿಂತಿದ್ದರು. ನನ್ನ ಹಿಂದೆಯೇ ಹಳ್ಳಿಖೇಡದ ಕಬ್ಬಿನ ಜಮೀನ್ದಾರರೊಬ್ಬರು, ಕೈಯಲ್ಲಿ ಜೋಡು ನಳಿಗೆಯ ಬಂದೂಕು. ಚಾಚಾ ನನ್ನ ಪೆಟ್ಟಿಗೆಯ ಚಿಲಕಕ್ಕೆ ಕೈ ಹಾಕಿದರು.

ಮುಚ್ಚಳ ತೆರೆದರೆ ನಳಿಗೆಯ ಆ ಸಣ್ಣ ಬಾಯಿ ಎಲ್ಲರಿಗೂ ಕಾಣುತ್ತದೆ.

"ತೆಗೆದು ನೋಡಬೇಕೇನ್ರಿ, ಚಾಚಾ?" ಎಂದೆ, ದನಿಯಲ್ಲಿ ಸ್ವಲ್ಪ ಬಿಗುವು ತಂದುಕೊಂಡು. "ನಮ್ಮ ಮನಿತನದ ಮ್ಯಾಲ ಭರೋಸಾ ಇಲ್ಲೇನು?"

ಅವರ ಕೈ ಹಿಂದೆ ಬಂತು. "ತಪ್ಪಾತು, ಬೇಟಾ" ಎಂದು, ರಿಜಿಸ್ಟರಿನಲ್ಲಿ ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆದರು: ಪಿಸ್ತೂಲು ಒಂದು, ಬತ್ತೀಸ್ ಬೋರ್, ಕಿಟ್ ಸಮೇತ, ಪೂರ್ಣ. ಅದರ ಕೆಳಗೆ ನಾನು ಸಹಿ ಮಾಡಿದೆ.

ದಶಮಿ ಬಂತು, ಬನ್ನಿ ಹಂಚಿದೆವು, ಮಾರುಕಟ್ಟೆಗೆ ಸೋಯಾ ನುಗ್ಗಿತು. ನಳಿಗೆಯ ಮಾತು ನನ್ನ ತಲೆಯಿಂದ ಹೋಯಿತು. ಮನೆಯಾಕೆ ಅದನ್ನು ವಸ್ತ್ರದ ಸಮೇತ ಜಗುಲಿಯ ಕೆಳಗಿನ ಟ್ರಂಕಿನಲ್ಲಿ ಇಟ್ಟಿದ್ದಳು.

ಚುನಾವಣೆ ಮುಗಿದು ಆಯುಧ ವಾಪಸ್ಸು ಕೊಡುವ ದಿನ ಮತ್ತೆ ಅದೇ ಸಾಲು. ಜಮೀನ್ದಾರರೂ ಇದ್ದರು. ಪೆಟ್ಟಿಗೆಯನ್ನು ನಾನೇ ತೆರೆದೆ, ಏನೂ ನೆನಪಿಲ್ಲದೆ, ಎಲ್ಲರ ಎದುರಿಗೆ. ಜಮೀನ್ದಾರರು ಬಗ್ಗಿ ನೋಡಿದರು.

"ಇದೇನ್ರಿ ಸಾವ್ಕಾರ್ರ, ಗುಬ್ಬಿ ಹೊಡ್ಯಾಕ ಇಟ್ಟೀರೇನು?"

ಎಲ್ಲರೂ ನಕ್ಕರು.

"ಇದು ನಂದಲ್ಲ" ಎಂದೆ. "ನಮ್ಮಪ್ಪಂದು ಅಸಲಿ ನಳಿಗಿ ಎಲ್ಲಿ, ಚಾಚಾ? ಇಲ್ಲಿ ಯಾರೋ ಬದಲಿ ಮಾಡ್ಯಾರ."

ಆ ಹೊತ್ತು ನಾನು ನಿಜವಾಗಿ ಮರೆತಿದ್ದೆನೇ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಾಯಿ ತೆರೆದಾಗ ಮರೆತಿದ್ದೆ. ಮಾತು ಮುಗಿಯುವಷ್ಟರಲ್ಲಿ ಕೆಂಪು ವಸ್ತ್ರ ಕಣ್ಣ ಮುಂದೆ ಬಂದಿತ್ತು. ನಗು ನಿಂತಿತ್ತು, ಎಲ್ಲರ ಕಣ್ಣು ನನ್ನಿಂದ ಚಾಚಾ ಅವರ ಕಡೆಗೆ ತಿರುಗಿದ್ದವು, ನನಗೆ ಹಗುರ ಎನಿಸಿತ್ತು. ಆ ಹಗುರವನ್ನು ನೆನೆದರೆ ಇಂದಿಗೂ ಅಸಹ್ಯವಾಗುತ್ತದೆ.

ಸಾಲಿನ ಕೊನೆಯಿಂದ ಒಬ್ಬ ಅಂದ: "ಅವರ ಕೈಯಾಗ ಕೊಟ್ರ ಇನ್ನೇನಾಗ್ತದ."

ಅವರ ಎಂದರೆ ಚಾಚಾ ಒಬ್ಬರ ಅಲ್ಲ, ಅವರ ಮತದವರ ಎಂದು ನನಗೂ ತಿಳಿಯಿತು, ಚಾಚಾ ಅವರಿಗೂ ತಿಳಿಯಿತು. ನಾನು ತಿರುಗಿ ಅವನನ್ನು ಗದರಬಹುದಿತ್ತು. ಗದರಲಿಲ್ಲ. ನನ್ನ ಸುಳ್ಳು ಅಷ್ಟು ಸಲೀಸಾಗಿ ನಿಂತದ್ದು ಆ ಮಾತಿನ ಆಸರೆಯಿಂದಲೇ.

ಚಾಚಾ ಒಂದೇ ಮಾತಿನಲ್ಲಿ ಪಾರಾಗಬಹುದಿತ್ತು. ಇದು ಇವನದೇ ಕಿಟ್ಟು, ಸದ್ದಿಗೆ ಹೆದರುತ್ತಾನೆಂದು ನಾನೇ ಕೊಡಿಸಿದ್ದು ಎಂದು ಹೇಳಿದ್ದರೆ ಸಾಕಿತ್ತು. ಅವರು ನನ್ನ ಮುಖವನ್ನು ನೋಡುತ್ತಾ ನಿಂತರು. ನಾನೇ ಹೇಳಲಿ ಎಂದು ಕಾದರೆಂದು ಕಾಣುತ್ತದೆ.

"ಮನ್ಯಾಗ ಒಮ್ಮೆ ನೋಡು, ಬೇಟಾ" ಎಂದರು ಕೊನೆಗೆ. ಅಷ್ಟೇ.

ನಾನು ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದೆ. ಜಮೀನ್ದಾರರು ಅಲ್ಲಿಂದಲೇ ಯಾರಿಗೋ ಫೋನು ಮಾಡಿದ್ದರು. ಸಂಜೆಯೊಳಗೆ ಲೈಸೆನ್ಸ್ ಕಚೇರಿಯವರು ಬಂದು ರಿಜಿಸ್ಟರು ನೋಡಿದರು. ಅದರಲ್ಲಿ ಚಾಚಾ ಅವರ ಕೈಬರಹದಲ್ಲೇ ಪೂರ್ಣ ಎಂದಿತ್ತು. ನನ್ನನ್ನು ನಂಬಿ ಬರೆದ ಆ ಒಂದು ಮಾತೇ ಅವರಿಗೆ ಉರುಳಾಯಿತು. ವಿಚಾರಣೆ ಮುಗಿಯುವ ತನಕ ಅಂಗಡಿಗೆ ಬೀಗ, ಆರೋಪ ನಿಂತರೆ ಲೈಸೆನ್ಸು ಹೋಗುತ್ತದೆ ಎಂದು ಸುದ್ದಿ ಬಂತು.

ನಾನು ಮೂರು ದಿನ ಸುಮ್ಮನಿದ್ದೆ. ಒಂದಲ್ಲ, ಮೂರು ದಿನ. ಅಂಗಡಿಯಲ್ಲಿ ಕೂತು ತೊಗರಿಯ ತೇವ ನೋಡಿದೆ, ಹುಡಗಿ ಗ್ರಾಮದಿಂದ ಬಂದ ರೈತರ ಜೊತೆ ಹವಾಮಾನದ ಮಾತಾಡಿದೆ. ಕಳ್ಳತನ ಆಯಿತಂತಲ್ಲ ಎಂದು ಕೇಳಿದವರಿಗೆ ಹೌದೆಂದು ತಲೆಯಾಡಿಸಿದೆ. ಮೂರನೆಯ ದಿನ ಊಟಕ್ಕೆ ಕೂತಾಗ ಮನೆಯಾಕೆ ರೊಟ್ಟಿಯ ಬದಲು ಆ ಕೆಂಪು ಗಂಟನ್ನು ತಂದು ತಟ್ಟೆಯ ಪಕ್ಕಕ್ಕೆ ಇಟ್ಟಳು. ಕುಂಕುಮ ಒಣಗಿ ಉದುರುತ್ತಿತ್ತು.

"ಇದು ಕಳುವಾಗ್ಯದಂತ ಊರೆಲ್ಲಾ ಮಾತಾಡಾಕತ್ತದ" ಎಂದಳು. "ಟ್ರಂಕಿನಾಗ ಇತ್ತು. ನಿಮಗ ಗೊತ್ತಿತ್ತು?"

"ಗೊತ್ತಿತ್ತು."

ಅವಳು ರೊಟ್ಟಿ ಹಾಕದೆ ಎದ್ದು ಹೋದಳು.

ಮರುದಿನ ಆ ಗಂಟು ಹಿಡಿದು ಕಚೇರಿಗೆ ಹೋದೆ. ಸಾಹೇಬರ ಕೋಣೆಯ ಬಾಗಿಲು ಹಾಕಿಕೊಂಡು, ತಪ್ಪು ನನ್ನದು ಎಂದು ಬರೆದುಕೊಟ್ಟೆ. ಅವರು ಚೆನ್ನಾಗಿಯೇ ಬೈದರು. ನಾಲ್ಕು ದಿನದ ಮೇಲೆ ಅಂಗಡಿಯ ಬೀಗ ತೆಗೆದರು. ಆರೋಪ ಹೊರಿಸಿ ನಾನು ಕೂಗಿದ್ದು ಬೀದಿಗೆ ಕೇಳುವಂತೆ, ಒಪ್ಪಿಕೊಂಡದ್ದು ಬಾಗಿಲು ಹಾಕಿದ ಕೋಣೆಯಲ್ಲಿ.

ಆಮೇಲೆ ಚಾಚಾ ಅವರ ಅಂಗಡಿಗೆ ಹೋಗಿ, ಕಾಲು ಹಿಡಿಯಲು ಬಗ್ಗಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಇರಲಿ ಬಿಡ್ರಿ" ಎಂದರು. ಚಹಾ ತರಿಸಿದರು. ಕುಡಿದು ಬಂದೆ. ಆ ರೇಂಜಿಗೆ ಮತ್ತೆ ನಾವು ಕೂಡಿ ಹೋಗಲಿಲ್ಲ. ನಾನೊಬ್ಬನೇ ಒಮ್ಮೆ ಹೋಗಿದ್ದೆ. ಅಷ್ಟು ಸಣ್ಣ ಸದ್ದಿಗೂ ನನ್ನ ಕಣ್ಣು ಮುಚ್ಚಿಕೊಂಡವು.

ಮುಂದಿನ ಚುನಾವಣೆಗೆ ಪಿಸ್ತೂಲನ್ನು ಠಾಣೆಗೇ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಕಾಲು ಬಸವಕಲ್ಯಾಣಕ್ಕೇ ಹೋದವು. ಸಾಲಿನಲ್ಲಿ ನಿಂತೆ. ನನ್ನ ಮುಂದಿನವರ ಬಂದೂಕನ್ನು ಚಾಚಾ ಚೀಲದಿಂದ ಹೊರಗೆ ತೆಗೆಯಲೂ ಇಲ್ಲ, ಹೆಸರು ಬರೆದು ತಿಜೋರಿಗೆ ಇಟ್ಟರು. ಅವರ ಮುಂದಿನವರದನ್ನೂ ಹಾಗೆಯೇ ಇಟ್ಟಿದ್ದರು. ನನ್ನ ಸರದಿ ಬಂತು. ಪೆಟ್ಟಿಗೆ ಮೇಜಿನ ಮೇಲೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಬಿಳಿ ಬಟ್ಟೆ ಹಾಸಿ, ಮುಚ್ಚಳ ತೆರೆದರು. ಒಂದೊಂದೇ ಭಾಗ ತೆಗೆದು ಬಟ್ಟೆಯ ಮೇಲಿಟ್ಟು, ಅದರ ನಂಬರನ್ನು ಸಾಲಿನ ಕೊನೆಯವನಿಗೂ ಕೇಳುವಂತೆ ಓದಿದರು. ದೊಡ್ಡ ನಳಿಗೆ. ಸಣ್ಣ ನಳಿಗೆ. ಎರಡು ಮ್ಯಾಗಜಿನ್.

"ಸರಿ ಅದ ಏನ್ರಿ, ಸಾವ್ಕಾರ್ರ?"

"ಸರಿ ಅದರಿ, ಚಾಚಾ" ಎಂದೆ.

ಅವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಪೆನ್ನು ಕೊಟ್ಟು, ಪೂರ್ಣ ಎಂಬ ಮಾತನ್ನು ನನ್ನ ಕೈಯಿಂದಲೇ ಬರೆಸಿಕೊಂಡರು.