ಬೆಳಗಿನ ಸರದಿ

ಒಳಗೆ ಹೋಗಲೇ, ಬೇಡವೇ? ಒಂದೇ ಒಂದು ಎಲೆಯಲ್ಲಿ ರೋಗ ಉಳಿದಿದ್ದರೂ ಇವತ್ತಿನ ಮಿಕ್ಕ ತೋಟಗಳಿಗೆ ಅದನ್ನು ಹೊತ್ತುಕೊಂಡು ಹೋಗುವವನು ತಾನೇ. ಬೆಳಕು ಇನ್ನೂ ಹರಿಯುತ್ತಿದೆ. ದಾಳಿಂಬೆ ತೋಟದ ಗೇಟಿನ ಚಿಲಕದ ಮೇಲೆ ಕೈಯಿಟ್ಟು ಕತ್ತರಿಯಣ್ಣ ನಿಂತೇ ಇದ್ದಾರೆ. ಇದು ಅವರ ಒಡಹುಟ್ಟಿದ ಅಕ್ಕನ ತೋಟ.

ಕೊಂಬೆ ಕತ್ತರಿಸಿ ಗಿಡ ಸವರುವುದು ಇವರ ಕಸುಬು. ಊರಲ್ಲಿರುವುದು ದಾಳಿಂಬೆ, ನಿಂಬೆ ತೋಟಗಳು. ದಾಳಿಂಬೆಯನ್ನು ಸೀಳಿಸುವ ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಬೇರೆ; ನಿಂಬೆಗೆ ಕಜ್ಜಿ ಹಚ್ಚುವ ದುಂಡಾಣು ಬೇರೆ. ಮಳೆಹನಿ, ಗಾಳಿ, ಕತ್ತರಿ ಯಾವುದರ ಮೇಲಾದರೂ ಅವು ಸವಾರಿ ಮಾಡುತ್ತವೆ. ರೋಗದ ಕೊಂಬೆಯನ್ನು ಕಲೆಗಿಂತ ಕೆಳಗೆ ಕತ್ತರಿಸಿ ಸುಡಬೇಕು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಔಷಧದ ನೀರಿನಲ್ಲಿ ಅದ್ದಬೇಕು. ಅದರ ಮೇಲೆ ಇವರದೇ ಒಂದು ನೇಮ: ಆರೋಗ್ಯದ ತೋಟಕ್ಕೆ ಬೆಳಿಗ್ಗೆ, ರೋಗದ ತೋಟಕ್ಕೆ ಸಂಜೆ. ಹಾಗಾಗಿ ಸಂಜೆ ಇವರ ಸೈಕಲ್ಲು ಯಾರ ಗೇಟಿಗೆ ಒರಗಿದೆ ಎಂದು ಊರೇ ನೋಡುತ್ತದೆ. ಮೂರು ವರ್ಷದಿಂದ ಅದು ಒರಗಿದ್ದು ಅಕ್ಕನ ಗೇಟಿಗೆ.

“‘ಊರಿಗೆಲ್ಲ ಮುಂಜಾನೆ, ಒಡಹುಟ್ಟಿದವಳಿಗೆ ಮುಸ್ಸಂಜೆ’ ಅಂತ ಅಕ್ಕ ಚುಚ್ಚೋಳು. ಭಾವನೋರಂತೂ ಒಂದ್ಸಲ, ‘ಹಣ್ಣಿನ ವ್ಯಾಪಾರಿ ಬರ್ತಾನೆ, ಒಂದೇ ಒಂದಿನ ಬೆಳಿಗ್ಗೆ ಬಾರೋ’ ಅಂದ್ರು. ನಾ ಹೋಗ್ಲಿಲ್ಲ. ಕತ್ತರಿಗೆ ಅಕ್ಕ ಯಾರು, ಭಾವ ಯಾರು?” ಕೆಲಸ ನೋಡಲು ಜೊತೆಗೆ ಬಂದಿರುವ ನನಗೆ ಹೇಳಿ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಈ ಸಲ ಮಳೆಗಾಲ ಪೂರ್ತಿ ಕಳೆದರೂ ಹೊಸ ಕಲೆಯಿಲ್ಲ. ನಿನ್ನೆ ಸಂಜೆ ಎಲೆಗಳನ್ನು ಬೆಳಕಿಗೆ ಹಿಡಿದು, ಕಾಯಿಗಳನ್ನು ತಿರುಗಿಸಿ, ಸಾಲು ಸಾಲೂ ನೋಡಿದ್ದಾರೆ. ಅವರಿಗೆ ಅನುಮಾನ ಗಿಡದ ಮೇಲಲ್ಲ, ತಮ್ಮ ಕಣ್ಣಿನ ಮೇಲೆ. ಅಕ್ಕನ ಮೇಲಿನ ಮಮತೆ ಕಲೆಯನ್ನು ಮರೆಮಾಚಿದ್ದರೆ?

ಕೊನೆಗೆ ಚಿಲಕ ತೆಗೆಯುತ್ತಾರೆ. ಸೈಕಲ್ಲನ್ನು ಬೇಲಿಯ ಒಳಮಗ್ಗುಲಿಗೆ ಒರಗಿಸಿ, ಮೊದಲ ಸಾಲನ್ನು ಮತ್ತೊಮ್ಮೆ ನೋಡಿ, ಕತ್ತರಿ ಅದ್ದುತ್ತಾರೆ. ಸದ್ದಿಗೆ ತೋಟದ ಮನೆಯಿಂದ ಅಕ್ಕ ಹೊರಬರುತ್ತಾರೆ.

“ಏನೋ, ದಾರಿ ತಪ್ಪಿ ಬಂದ್ಯಾ? ಇನ್ನೂ ಸೂರ್ಯನೇ...”

ಅಕ್ಕ ಆಕಾಶ ನೋಡುತ್ತಾರೆ, ತಮ್ಮನ ಮುಖ ನೋಡುತ್ತಾರೆ.

“ರೀ, ಏಳ್ರೀ! ತಮ್ಮ ಬಂದಿದಾನೆ. ಬೆಳಿಗ್ಗೆ ಬಂದಿದಾನೆ ಕಣ್ರೀ!”

ಆಮೇಲೆ ಸೀದಾ ಹೋಗಿ, ಸೈಕಲ್ಲನ್ನು ತಳ್ಳಿಕೊಂಡು ಬಂದು ರಸ್ತೆಗೆ ಕಾಣುವ ಹಾಗೆ ಗೇಟಿನ ಹೊರಗೆ ನಿಲ್ಲಿಸುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ನಾನು ಕೇಳಿದರೆ ಕತ್ತರಿಯಣ್ಣ ಕೊಂಬೆಯಿಂದ ಕಣ್ಣು ತೆಗೆಯುವುದಿಲ್ಲ. “ಎಲ್ಲರ ತೋಟನೂ ಚೆನ್ನಾಗಿದ್ದು, ಬೆಳಿಗ್ಗೆ ನಮ್ಮಲ್ಲಿಗೇ ಮೊದ್ಲು ಬಾ ಅಂತ ಜಗಳ ಆಡ್ಬೇಕು. ಆ ಬೈಗುಳ ಕೇಳೋ ಆಸೆ.”

ಬಿಸಿಲೇರುವ ಹೊತ್ತಿಗೆ ಕತ್ತರಿ ಒರೆಸಿಕೊಂಡು ಮುಂದಿನ ತೋಟಕ್ಕೆ ಹೊರಡುತ್ತಾರೆ. ತೋಟ ವಾಸಿಯಾಯಿತು ಎಂದು ಅವರು ಅಕ್ಕನಿಗೆ ಬಾಯಿಬಿಟ್ಟು ಹೇಳಲೇ ಇಲ್ಲ.